ತಗಡಿನ ಹುಲಿಗೂ ಗಂಗಣ್ಣನ ಬೆಂಚಿಗೂ ಸಂಬಂಧಪಟ್ಟ ಹಾಗೆ

ಸುಂಟಿಕೊಪ್ಪ,
ಕಾಫಿ ಕೊಯ್ಲು ಮುಗಿದ ಮೇಲೆ, 1959

ಘನತೆವೆತ್ತ ತಗಡಿನ ಹುಲಿಯವರ ಸನ್ನಿಧಾನಕ್ಕೆ,
‘ಹುಲಿ ಬೇಟೆ – ಎರಡನೆಯ ಭಾಗ’ ಎಂಬ ಯಂತ್ರದ ಒಳಗೆ, ಗಾಜಿನ ಹಿಂದೆ,
ಜಯಭೇರಿ ವಿನೋದ ಕಂಪನಿಯ ಡೇರೆ, ಸಂತೆಮಾಳ.

ಮಾನ್ಯರೇ,

ತಮ್ಮ ಮೀಸೆಗೂ, ಮೈಮೇಲಿನ ಹೊಸ ಬಣ್ಣಕ್ಕೂ, ಹೊಟ್ಟೆಯೊಳಗೆ ಕೂತು ತಮ್ಮ ಪರವಾಗಿ ಗರ್ಜಿಸುವ ಗ್ರಾಮಫೋನು ತಟ್ಟೆಗೂ, ತಮಗೆ ಪ್ರಾಣ ತುಂಬುವ ಜನರೇಟರಿಗೂ ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಮನೆಸಾಲಿನ, ಸಮಸ್ತರ ಪರವಾಗಿ ಅಡ್ಡಬಿದ್ದು ಈ ಪತ್ರ ಬರೆಯುತ್ತಿದ್ದೇನೆ. ಇಷ್ಟು ದೊಡ್ಡ ಊರಿನಲ್ಲಿ ದೂರು ಹೇಳಿಕೊಳ್ಳಲು ಒಂದು ತಗಡಿನ ಹುಲಿಯೇ ಸಿಕ್ಕಿತೇ ಎಂದು ತಾವು ಕೇಳಬಹುದು. ಅಮಲ್ದಾರರಿಗೆ ಕೊಟ್ಟ ದೂರು ಮೇಜಿನ ಖಾನೆಗೆ ಹೋಗುತ್ತದೆ, ಎಸ್ಟೇಟ್ ದೊರೆಗೆ ಕೊಟ್ಟದ್ದು ಲೆಕ್ಕ ಬರೆಯುವ ರೈಟರ ಜೇಬಿಗೆ ಹೋಗುತ್ತದೆ, ನಮ್ಮ ಕಾರ್ಮಿಕ ಸಂಘ ಮಡಿಕೇರಿಗೆ ಕಳಿಸಿದ್ದು ಬೆಂಗಳೂರಿಗೆ ಹೋಗಿ ದಾರಿ ತಪ್ಪುತ್ತದೆ. ತಾವಾದರೋ ಇಡೀ ದಿನ ಕಣ್ಣು ಬಿಟ್ಟು ಜನರ ಮುಖವನ್ನೇ ನೋಡುತ್ತೀರಿ. ಈ ತಾಲ್ಲೂಕಿನಲ್ಲಿ ನಮ್ಮ ಮುಖವನ್ನು ನೇರವಾಗಿ ನೋಡಿದ ಗಣ್ಯರು ತಾವೊಬ್ಬರೇ.

ಮೊದಲು ಹಳೆಯ ಉಪಕಾರ ನೆನೆಯುವುದು ಧರ್ಮ. ಹೋದ ವರ್ಷ ತಮ್ಮ ಮೊದಲ ಭಾಗ ಬಂತು. ಒಂದು ಮರದ ಪೆಟ್ಟಿಗೆ, ಮುಂದೆ ಗಾಜು, ಒಳಗೆ ಹಳಿಯ ಮೇಲೆ ಅತ್ತಿಂದಿತ್ತ ಓಡುವ ಹುಲಿ, ಹೊರಗೆ ಸರಪಳಿ ಹಾಕಿ ಕಟ್ಟಿದ ಒಂದು ಕೋವಿ. ಟ್ರಿಗರ್ ಎಳೆದರೆ ನಳಿಗೆಯಿಂದ ಗುಂಡಿನ ಬದಲು ಬೆಳಕು ಹೊರಟು, ಅದು ಹುಲಿಯ ಪಕ್ಕೆಯಲ್ಲಿದ್ದ ಗಾಜಿನ ಬಿಲ್ಲೆಗೆ ತಾಗಿದರೆ ಹುಲಿ ದಡಕ್ಕನೆ ಮಗುಚುತ್ತಿತ್ತು. ಕೊಡಗಿನಲ್ಲಿ ಕೋವಿ ಎಂದರೆ ಏನೆಂದು ತಮಗೆ ನಾನು ಹೇಳಬೇಕೆ? ಜಮೀನಿದ್ದವರ ಮನೆಯಲ್ಲಿ ಅದು ಗೋಡೆಯ ಮೇಲೆ ದೇವರ ಪಟದ ಮಗ್ಗುಲಲ್ಲಿರುತ್ತದೆ. ನಮ್ಮವರ ಪಾಲಿಗೆ ಬಂದದ್ದು ಕೋವಿಯಲ್ಲ, ಕೋವಿಯ ಎದುರಿನ ಕಾಡು. ತಮಟೆ ಬಡಿದು ಕೂಗು ಹಾಕಿ ಪ್ರಾಣಿಯನ್ನು ಕೋವಿಯ ಕಡೆಗೆ ಅಟ್ಟುವುದು ನಮ್ಮ ತಾತ ಮುತ್ತಾತಂದಿರು ಮಾಡಿಕೊಂಡು ಬಂದ ಉದ್ಯೋಗ. ತಮ್ಮ ಯಂತ್ರ ಮಾತ್ರ ಕಾಸು ಹಾಕಿದವನ ಕೈಗೆ ಕೋವಿ ಕೊಟ್ಟಿತು, ಅವನ ಕುಲ ಕೇಳಲಿಲ್ಲ. ಕೇಳುವ ವ್ಯವಸ್ಥೆಯನ್ನು ಅದರೊಳಗೆ ಕೂರಿಸಲು ಮೇಸ್ತ್ರಿ ಮರೆತಿದ್ದ.

ನಮ್ಮ ಲೈನಿನ ಮಾದಣ್ಣ ಹೊಡೆದ. ತಮ್ಮ ಪೂರ್ವಾಶ್ರಮದ ಹುಲಿ ಮಗುಚಿತು. ಅಂದು ಪ್ಲಾಂಟರುಗಳೆಲ್ಲ ಹೊಡೆದು ತಪ್ಪಿದ್ದರಿಂದ ಆ ಶಬ್ದ ಸಂತೆಮಾಳಕ್ಕೆಲ್ಲ ಕೇಳಿಸಿತು.

ಈ ಸೀಮೆಯಲ್ಲಿ ಹುಲಿ ಕೊಂದವನಿಗೆ ಅದರೊಂದಿಗೇ ಮದುವೆಯ ಶಾಸ್ತ್ರ ಮಾಡುವ ಪದ್ಧತಿಯುಂಟು. ಅವನನ್ನು ಮದುಮಗನ ಹಾಗೆ ಕೂರಿಸಿ, ಸತ್ತ ಹುಲಿಯನ್ನು ಬಿದಿರಿಗೆ ಕಟ್ಟಿ ಮಗ್ಗುಲಲ್ಲಿ ತೂಗುಹಾಕಿ, ಊರವರು ಸಾಲಾಗಿ ಬಂದು ಅಕ್ಷತೆ ಹಾಕಿ ಹಾಲು ಕುಡಿಸಿ ಹೋಗಬೇಕು. ನಿಜವಾದ ಹುಲಿಗೆ ನಮ್ಮಲ್ಲಿ ಯಾರೂ ಇದುವರೆಗೆ ವರನಾಗಿರಲಿಲ್ಲ. ಆದ್ದರಿಂದ ಲೈನಿನವರು ತಗಡೆಂದು ಹಿಂಜರಿಯಲಿಲ್ಲ. ಯಂತ್ರವನ್ನೇ ಎಳೆತಂದು ಮಾದಣ್ಣನ ಕುರ್ಚಿಯ ಪಕ್ಕಕ್ಕೆ ನಿಲ್ಲಿಸಿ, ವಧು ಗಾಜಿನೊಳಗೆ ಅತ್ತಿಂದಿತ್ತ ಓಡಾಡುತ್ತಿದ್ದಂತೆಯೇ ಧಾರೆಯೊಂದನ್ನು ಬಿಟ್ಟು ಮಿಕ್ಕ ಶಾಸ್ತ್ರವನ್ನೆಲ್ಲ ಮುಗಿಸಿದರು. ಅಕ್ಷತೆ ಕಾಸಿನ ಕಂಡಿಯೊಳಗೆ ಬಿದ್ದು ತಮ್ಮ ಯಂತ್ರ ಒಂದು ದಿನ ಕೆಮ್ಮಿತಂತೆ, ಕ್ಷಮಿಸಬೇಕು.

ಆಮೇಲೆ ಆದದ್ದು ನೋಡಿ. ಬಸ್ ನಿಲ್ದಾಣದ ಎದುರು ಗಂಗಣ್ಣನ ಹೋಟೆಲಿದೆ. ಒಳಗೆ ಬೆಂಚು, ಗಾಜಿನ ಲೋಟ. ಲೈನಿನವರಿಗೆ ಹೊರಗೆ ಮೊಳೆಗೆ ನೇತುಹಾಕಿದ ತಗಡಿನ ಲೋಟ, ನಿಂತು ಕುಡಿದು ತೊಳೆದಿಟ್ಟು ಹೋಗಬೇಕು. ಇದು ಅಪರಾಧವೆಂದು ದೆಹಲಿಯಲ್ಲಿ ಕಾನೂನಾಗಿ ವರ್ಷಗಳಾದವು. ಅದು ಘಟ್ಟ ಹತ್ತುವಾಗ ದಮ್ಮು ಕಟ್ಟಿ ಎಲ್ಲೋ ಕೂತಿರಬೇಕು. ಮದುವೆಯ ಮರುದಿನ ಮಾದಣ್ಣ ಎಂದಿನಂತೆ ಹೊರಗೆ ನಿಂತಿದ್ದಾಗ ಒಳಗಿದ್ದವರು ಬೆಳ್ಯಪ್ಪ ಗೌಡರು. ಹಿಂದೆ ನಿಜವಾದ ಹುಲಿ ಹೊಡೆದು ನಿಜವಾದ ಮದುವೆಯಾದ ಪ್ಲಾಂಟರು ಅವರು, ಶಾಸ್ತ್ರದ ವಿಷಯದಲ್ಲಿ ಅವರದೇ ಹೈಕೋರ್ಟು. ಆ ಹೊತ್ತಿಗೆ ಕೊಂಚ ಉಲ್ಲಾಸದಲ್ಲೂ ಇದ್ದರು. “ಎಂತ ಗಂಗಣ್ಣ, ಹುಲಿ ಹೊಡ್ದವನ ನಿಲ್ಸಿ ಚಾ ಕೊಡುದಾ? ಕೂರ್ಸೊಕು ಮಾರಾಯ, ಕೂರ್ಸೊಕು!” ಎಂದುಬಿಟ್ಟರು. ಗೌಡರು ನಗೆಯಾಡಿದರೋ ತೀರ್ಪು ಕೊಟ್ಟರೋ ಎಂದು ಗಂಗಣ್ಣನಿಗೆ ತಿಳಿಯಲಿಲ್ಲ. ಅವನು ಕೂರಿಸಿದ. ಅಲ್ಲಿಂದ ಒಂದು ವರ್ಷ ಲೈನಿನ ಸಮಸ್ತ ಜನರಲ್ಲಿ ಮಾದಣ್ಣನೊಬ್ಬ ಬೆಂಚಿನ ಮೇಲೆ ಕೂತು ಗಾಜಿನ ಲೋಟದಲ್ಲಿ ಚಾ ಕುಡಿದ, ನಾವು ಹೊರಗೆ ನಿಂತು ಅವನು ಕುಡಿಯುವುದನ್ನು ನೋಡುತ್ತ ಕುಡಿದೆವು. ಪಾರ್ಲಿಮೆಂಟು ಕೊಡಿಸಲಾಗದ ಬೆಂಚನ್ನು ತಮ್ಮ ತಗಡು ಕೊಡಿಸಿತು. ಇದಕ್ಕಾಗಿ ತಮ್ಮನ್ನು ಮುಂದಿನ ಚುನಾವಣೆಗೆ ನಿಲ್ಲಿಸಬೇಕೆಂದು ಸಂಘದಲ್ಲಿ ನಾನು ಸೂಚಿಸಿದ್ದೆ.

ಹೀಗಿರುವಲ್ಲಿ ತಮ್ಮ ಕಂಪನಿಗೆ ಎರಡನೆಯ ಭಾಗ ಮಾಡುವ ಬುದ್ಧಿ ಏಕೆ ಬಂತು? ಎರಡನೆಯ ಭಾಗಗಳ ಅನುಭವ ನಮಗೆ ಮೊದಲೇ ಉಂಟು. ಕೊಡಗು ರಾಜ್ಯವೆಂಬುದು ಮೊದಲ ಭಾಗವಾಗಿತ್ತು, ಮೈಸೂರು ರಾಜ್ಯವೆಂಬ ಎರಡನೆಯ ಭಾಗ ಬಂದಾಗಲೂ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು ಸ್ವರ್ಗ ಇನ್ನೇನು ಗಡಿಯ ಕುಶಾಲನಗರ ದಾಟಿತೆಂದು ಸಾರಿದ್ದರು. ಬಂದದ್ದು ಹೊಸ ಬೋರ್ಡುಗಳು.

ತಮ್ಮ ಜೀಪು ಅದನ್ನೂ ಮೀರಿಸಿತು. ಕಾಫಿ ಒಣಗಿಸುವ ಕಣದ ಗೋಡೆ, ಮೈಲುಗಲ್ಲು, ಬಸ್ಸಿನ ಹಿಂಭಾಗ, ಕಡೆಗೆ ಕಕ್ಕಬೆಯ ಕಡೆಯಿಂದ ಏಲಕ್ಕಿ ಹೊತ್ತು ಬಂದ ಕತ್ತೆಯ ಹೊಟ್ಟೆಯನ್ನೂ ಬಿಡದೆ ಚೀಟಿ ಅಂಟಿಸಿದರು. ‘ಗರ್ಜಿಸುವ ಹುಲಿ! ಉರಿಯುವ ಕಣ್ಣು! ನಿಜವಾದ ಕಾಡಿನ ವಾಸನೆ! ಒಂದು ಕಾಸಿಗೆ ಐದು ಅವಕಾಶ!’ ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರಕ್ಕೆ ಕಾರಣವಿರಲಿಲ್ಲ. ಮೈಕಿನಲ್ಲಿ ಇನ್ನೊಂದು ಮಾತು ಕೂಗಿದರು: “ಕಳೆದ ವರ್ಷ ತಾವು ಕಂಡದ್ದು ಬರೀ ಮರಿ, ಈ ವರ್ಷ ಬರುತ್ತಿದೆ ತಾಯಿ!”

ತಮ್ಮ ಪ್ರಚಾರಕ್ಕೆ ಅದು ಅಲಂಕಾರ, ಮಾದಣ್ಣನಿಗೆ ಅದು ಬೆಂಚು. ಜೀಪು ಹೋಟೆಲಿನ ಮುಂದೆ ಹಾದುಹೋದ ಮೇಲೆ ಗಂಗಣ್ಣ ಬೆಂಚಿನ ಮೇಲಿದ್ದ ಮಾದಣ್ಣನ ಹತ್ತಿರ ಬಂದು, “ಮರೀಗೆ ಒಂದು ವರ್ಷ ಕೂರ್ಸಿದ್ದೇ ಜಾಸ್ತಿ ಆತು ಕಣೋ ಮಾದ. ಗಿರಾಕಿಗಳು ಗೊಣಗ್ತಾವ್ರೆ. ತಾಯೀನ ಹೊಡ್ಕಂಡು ಬಾ, ಆಮೇಲೆ ಕೂತ್ಕಳೀವಂತೆ” ಎಂದ. ಗಂಗಣ್ಣ ಕೆಟ್ಟವನಲ್ಲ. ಅವನು ಎಂದೂ ತನ್ನ ಅಭಿಪ್ರಾಯ ಹೇಳಿದವನಲ್ಲ, ಗಿರಾಕಿಗಳ ಅಭಿಪ್ರಾಯವನ್ನು ಚಾದ ಹಾಗೆ ಬಿಸಿಯಾಗಿ ತಂದುಕೊಡುವವನು. ಮಾದಣ್ಣ ಅರ್ಧ ಕುಡಿದ ಲೋಟವನ್ನು ಹಿಡಿದುಕೊಂಡು ಎದ್ದು ಹೊರಗೆ ಬಂದ. ಗಂಗಣ್ಣ ಗಾಜಿನ ಲೋಟವನ್ನು ವಾಪಸು ಇಸಿದುಕೊಂಡು ಉಳಿದ ಚಾವನ್ನು ತಗಡಿನದಕ್ಕೆ ಬಗ್ಗಿಸಿದ.

ಇನ್ನು ತಮ್ಮ ಗುಣಗಾನ. ತಾವು ಬಹಳ ಚೆನ್ನಾಗಿದ್ದೀರಿ. ಇದನ್ನು ವ್ಯಂಗ್ಯವೆಂದು ತಿಳಿಯಬೇಡಿ. ತಮ್ಮ ಕಣ್ಣಿನ ಕೆಂಪು ಬಲ್ಬು ಹೊತ್ತಿಕೊಂಡು ಗ್ರಾಮಫೋನು ಗರ್ಜಿಸಿದಾಗ ಪೊನ್ನಂಪೇಟೆಯಿಂದ ಬಂದಿದ್ದ ಒಬ್ಬ ಸಾಹುಕಾರರ ಬೇಟೆನಾಯಿ ಜಿಲೇಬಿ ಅಂಗಡಿಯ ಒಲೆಯ ಹಿಂದೆ ಅಡಗಿತು. ಕಾಡಿನ ವಾಸನೆಯೆಂದು ಸಾರಿದ್ದು ಸೀಮೆಎಣ್ಣೆಯ ವಾಸನೆಯಾಗಿತ್ತು, ಆದರೂ ದೂರಲಾರೆ. ಬಂಡವಾಳಶಾಹಿಯ ಆಟಿಕೆಗಳ ವಿರುದ್ಧ ಭಾಷಣ ಮಾಡಿಯೇ ಗಂಟಲು ಕಟ್ಟಿಸಿಕೊಂಡ ನಾನು ಸಾಲಿನಲ್ಲಿ ನಿಂತು ಆಡಿ, ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಂತು ಆಡಿದೆ. ತಾವು ಕೆಟ್ಟದಾಗಿದ್ದಿದ್ದರೆ ಎಷ್ಟು ಅನುಕೂಲವಿತ್ತು! ಒಂದು ಠರಾವು ಬರೆದು ಮನೆಗೆ ಹೋಗಬಹುದಿತ್ತು.

ಆದರೆ ಆ ‘ಐದು ಅವಕಾಶ’ ಏನೆಂದು ನೋಡಿದಿರಾ? ತಮ್ಮ ಮುಂದೆ, ಹುಲ್ಲಿನ ಚಿತ್ರದ ನಡುವೆ, ಐದು ತೂತುಗಳಲ್ಲಿ ಐವರು ತಗಡಿನ ಮನುಷ್ಯರನ್ನು ಸಿಕ್ಕಿಸಿದ್ದಾರೆ. ಕಪ್ಪು ಮೈ, ಸೊಂಟಕ್ಕೊಂದು ಬಟ್ಟೆ, ಕೈಯಲ್ಲಿ ತಮಟೆ. ಕಾಡು ಅಟ್ಟುವವರು. ಮೇಲೆ ಅಟ್ಟಣೆಯಲ್ಲಿ ಟೋಪಿ ಹಾಕಿದ ಒಬ್ಬ ತಗಡಿನ ದೊರೆ ಕಾಲು ಇಳಿಬಿಟ್ಟು ಕೂತಿದ್ದಾನೆ. ಆಡುವವನ ಗುರಿ ತಪ್ಪಿದಾಗಲೆಲ್ಲ ತಾವು ಹಾರಿ ಒಬ್ಬನನ್ನು ಕೆಡಹುತ್ತೀರಿ, ‘ಟಣ್’ ಎನ್ನುತ್ತದೆ. ಐವರೂ ಬಿದ್ದರೆ ಆಟ ಮುಗಿಯಿತು. ಇಷ್ಟೇ ಲೆಕ್ಕ. ದೊರೆಗೆ ಏನೂ ಆಗುವುದಿಲ್ಲ, ಅವನನ್ನು ಯಾವ ತಂತಿಗೂ ಕಟ್ಟಿಲ್ಲ. ಪ್ಲಾಂಟರೊಬ್ಬರು ಆಡುತ್ತಿದ್ದಾಗ ಅವರ ಸ್ನೇಹಿತರು ಬೆನ್ನು ತಟ್ಟಿ, “ಅವಸರ ಎಂತಕೆ? ಇನ್ನೂ ಮೂರು ಜನ ಇದ್ದಾರಲ್ಲ, ನಿಧಾನ ಹೊಡಿ” ಎಂದರು. ಯಂತ್ರ ಮಾಡಿದವನು ಕೊಡಗಿನ ಬೇಟೆಯನ್ನು ಕಣ್ಣಾರೆ ಕಂಡೇ ಮಾಡಿರಬೇಕು ಎನ್ನುವಷ್ಟು ಕರಾರುವಾಕ್ಕಾಗಿದೆ.

ಮಾದಣ್ಣನ ಸರದಿ ಬಂತು. ಲೈನಿಗೆ ಲೈನೇ ಹಿಂದೆ ನಿಂತಿತ್ತು. ಅವನ ಅಪ್ಪ ಚೌಡಜ್ಜನೂ ಬಂದಿದ್ದ. ಬೆಳ್ಯಪ್ಪ ಗೌಡರ ಗುಂಡಿಗೆ ಬಿದ್ದ ಆ ನಿಜವಾದ ಹುಲಿ, ಬೀಳುವುದಕ್ಕೆ ಮೊದಲು ಅಟ್ಟುವವರಲ್ಲಿ ಒಬ್ಬನ ಮೇಲೆ ಎಗರಿತ್ತು. ಅವನು ಚೌಡಜ್ಜ. ಗೌಡರಿಗೆ ಮದುವೆಯಾಯಿತು, ಚೌಡಜ್ಜನಿಗೆ ಎಡತೋಳು ಹೋಯಿತು. ಅಂಗಿಯ ಆ ತೋಳನ್ನು ಅವನು ಅಂದಿನಿಂದ ಗಂಟು ಹಾಕಿಕೊಂಡಿದ್ದಾನೆ.

ಮಾದಣ್ಣ ಮೊದಲ ಸಲ ಹೊಡೆದ, ತಮ್ಮ ಗರ್ಜನೆಗೆ ಗುರಿ ತಪ್ಪಿತು. ತಾವು ಹಾರಿದಿರಿ. ಟಣ್. ಒಬ್ಬ ಬಿದ್ದ. ಮಾದಣ್ಣ ಕೋವಿ ಇಳಿಸಿ, ಯಂತ್ರ ನೋಡಿಕೊಳ್ಳುವ ಪದ್ಮಯ್ಯನವರಿಗೆ, “ಸ್ವಾಮಿ, ಅವನನ್ನ ಎತ್ತಿ ನಿಲ್ಸಿ, ಆಮೇಲೆ ಹೊಡಿತೀನಿ” ಎಂದ.

“ಆಟ ಮುಗಿದ ಮೇಲೆ ಅವ ತಾನಾಗಿ ಏಳ್ತಾನೆ ಮಾರಾಯ. ನೀ ಹೊಡಿ!”

“ನಮ್ಮಪ್ಪಂಗೂ ಹಂಗೇ ಹೇಳಿದ್ರು” ಎಂದ ಮಾದಣ್ಣ.

ಹಿಂದಿದ್ದವರು ಗಲಾಟೆ ಮಾಡಿದರು. ಡೇರೆ ಬೀಳುವ ಲಕ್ಷಣ ಕಂಡು ಪದ್ಮಯ್ಯನವರು ಗೊಣಗುತ್ತ ಗಾಜಿನ ಬಾಗಿಲು ತೆಗೆದು ಬಿದ್ದವನನ್ನು ಎತ್ತಲು ಬಗ್ಗಿದರು. ಆಗ ತಮ್ಮ ಸೊಂಟದ ಕೀಲಿನಿಂದ ನಾಲ್ಕು ಕಾಳು ಅರಿಸಿನದಕ್ಕಿ ಉದುರಿದವು. ಹೋದ ವರ್ಷದ ಮದುವೆಯ ಅಕ್ಷತೆ! ಅಂದರೆ ತಾವು ತಾಯಿಯೂ ಅಲ್ಲ, ಬೇರೆ ಹುಲಿಯೂ ಅಲ್ಲ, ಬಣ್ಣ ಬಳಿದುಕೊಂಡು ಬಂದ ಅದೇ ಮರಿ. ಇದನ್ನು ನಾನು ಕೂಗಿ ಹೇಳಿದಾಗ ಪದ್ಮಯ್ಯನವರು, “ಇಲಿ ತಂದದ್ದು” ಎಂದು ಊದಿ ಹಾರಿಸಿಬಿಟ್ಟರು. ಇಲಿಗಳು ಅಕ್ಕಿಗೆ ಅರಿಸಿನ ಹಚ್ಚುವುದನ್ನು ಯಾವಾಗ ಕಲಿತವೋ ತಾವೇ ಹೇಳಬೇಕು.

ಈ ನಡುವೆ ಮಾದಣ್ಣ ಕೈ ತೂರಿಸಿ ಐವರನ್ನೂ ತೂತಿನಿಂದ ಕಿತ್ತು ಹೊರಗೆ ತೆಗೆದ. “ಬನ್ನಿ, ಕೂಲಿ ಮುಗೀತು” ಎಂದು ಅವರನ್ನು ಚೌಡಜ್ಜನ ಮಡಿಲಿಗೆ ಹಾಕಿ ಕೋವಿ ಎತ್ತಿಕೊಂಡ.

ಮುಂದಿನದು ತಮಗೇ ಗೊತ್ತು, ಬೆವತವರು ತಾವು. ಬೀಳಲು ಯಾರೂ ಇಲ್ಲದ ಮೇಲೆ ಆಟ ಮುಗಿಯುವುದಾದರೂ ಹೇಗೆ? ತಾವು ಖಾಲಿ ಹುಲ್ಲಿನ ಮೇಲೆ ಹಾರಿದಿರಿ, ಮತ್ತೆ ಹಾರಿದಿರಿ, ಯಾರೂ ಸಿಗಲಿಲ್ಲ. ಮಾದಣ್ಣ ಹೊಡೆದ, ತಪ್ಪಿದ, ಹೊಡೆದ, ತಾಗಿಸಿದ, ತಾವು ಮಗುಚಿ ಎದ್ದಿರಿ, ಅವನು ಮತ್ತೆ ತಾಗಿಸಿದ. ಒಂದೇ ಕಾಸಿನ ಆಟ ಊಟದ ಹೊತ್ತು ಮೀರಿದರೂ ನಡೆಯಿತು. ಅಂಕ ತೋರಿಸುವ ಗಾಲಿ ತೊಂಬತ್ತೊಂಬತ್ತಕ್ಕೆ ಹೋಗಿ, ಮುಂದೆ ಅಂಕವಿಲ್ಲದೆ ಸೊನ್ನೆಗೆ ತಿರುಗಿತು. ಸರಿಯಾಗಿ ಆಗಲೇ ಜನರೇಟರಿನ ಎಣ್ಣೆ ತೀರಿ ಎಲ್ಲ ಆರಿತು. ಪದ್ಮಯ್ಯನವರು ಲಾಟೀನು ಹಿಡಿದು ನೋಡಿ, “ಸೊನ್ನೆ” ಎಂದು ಘೋಷಿಸಿದರು. ಯುಗಯುಗಗಳಿಂದ ನಮ್ಮವರು ಮಾಡಿದ ಕೆಲಸವನ್ನೆಲ್ಲ ಕೂಡಿಸಿ ನೋಡಿದವರು ಕೊನೆಗೆ ಹೇಳುವ ಅಂಕ ಇದೇ, ಆದ್ದರಿಂದ ನಮಗೆ ಆಶ್ಚರ್ಯವಾಗಲಿಲ್ಲ.

ಆ ಕತ್ತಲಲ್ಲಿ ಐವರೂ ಚೌಡಜ್ಜನ ಮಡಿಲಲ್ಲೇ ಲೈನಿಗೆ ಬಂದುಬಿಟ್ಟರು. ಬೆಳಿಗ್ಗೆ ಹೋಟೆಲಿನಲ್ಲಿ ವಾದವಾಯಿತು. ಇಡೀ ಊರು ಕಂಡಿದೆ ಎಂದು ನಾವು ಹೊರಗಿನಿಂದ, ಸೊನ್ನೆ ಎಂದರೆ ಸೊನ್ನೆ ಎಂದು ಗಿರಾಕಿಗಳು ಒಳಗಿನಿಂದ. ಗಂಗಣ್ಣ ಗೌಡರ ಮುಖ ನೋಡಿದ. ಗೌಡರು ಈ ಸಲ ಉಲ್ಲಾಸದಲ್ಲಿರಲಿಲ್ಲ, ಹಿಂದಿನ ದಿನ ಡೇರೆಯಲ್ಲಿ ಐದು ಅವಕಾಶವನ್ನೂ ಕಳೆದುಕೊಂಡಿದ್ದರು. “ಅಟ್ಟುವವು ಇಲ್ಲದೆ ಹುಲಿ ಬೀಳ್ದುಂಟಾ? ಅವು ಇಲ್ಲದ್ದು ಬೇಟೆನೇ ಅಲ್ಲ” ಎಂದು ತೀರ್ಪು ಕೊಟ್ಟರು.

ಹುಲಿಯವರೇ, ಅಟ್ಟುವವರಿಲ್ಲದೆ ಹುಲಿ ಬೀಳುವುದಿಲ್ಲವೆಂಬ ಈ ಒಂದು ಮಾತನ್ನು ಕೋವಿ ಹಿಡಿದವರ ಬಾಯಿಂದ ಕೇಳಲು ನಮ್ಮ ಎಷ್ಟು ತಲೆಮಾರು ಕಾದು ಮಣ್ಣಾಯಿತು ಗೊತ್ತೇ? ಮಾದಣ್ಣ ಹೊರಗೆ ಕೂತಿದ್ದ ಚೌಡಜ್ಜನ ಮಡಿಲಿನಿಂದ ಐವರನ್ನೂ ತೆಗೆದುಕೊಂಡು ಬಾಗಿಲಿಗೆ ಬಂದು, “ಹಂಗಾದ್ರೆ ಹುಲಿ ಬೀಳ್ಸಿದೋರು ಇವರೇ ಆದ್ರಲ್ಲ ಗೌಡ್ರೇ. ಕೂರ್ಸಿ” ಎಂದು ಗಂಗಣ್ಣನ ಕೈಗೆ ಕೊಟ್ಟ. ತಗಡಿಗೆ ಯಾವ ಜಾತಿಯೆಂದು ಯಾವ ಗಿರಾಕಿಗೂ ಹೇಳಲಾಗಲಿಲ್ಲ. ಐವರೂ ಬೆಂಚಿನ ಮೇಲೆ ಕೂತರು. ಐದು ಗಾಜಿನ ಲೋಟ ಚಾ ಬಂತು.

ಒಂದೇ ಕಷ್ಟವೆಂದರೆ ಆ ಮಹನೀಯರಿಗೆ ಕಾಲಿನ ಕೆಳಗೆ ಮೊಳೆಯುಂಟು, ತೂತಿಲ್ಲದ ಕಡೆ ನೆಟ್ಟಗೆ ಇರಲಾರರು. ಒಬ್ಬ ರೈಟರ ಚಾದೊಳಗೆ ತಲೆಕೆಳಗಾಗಿ ಬಿದ್ದ, ಇನ್ನೊಬ್ಬ ಒಬ್ಬರ ಮೊಣಕಾಲಿಗೆ ಚುಚ್ಚಿದ. ಗಂಗಣ್ಣ ದೋಸೆ ಬಿಟ್ಟು ಓಡಿಬಂದು ಒಬ್ಬನನ್ನು ಎತ್ತುವಷ್ಟರಲ್ಲಿ ಮತ್ತೊಬ್ಬ ಬೀಳುತ್ತಿದ್ದ. ಅತ್ತ ಡೇರೆಯಲ್ಲಿ ಅಟ್ಟುವವರಿಲ್ಲದ ತಮ್ಮ ಮುಂದೆ ಆ ಪೊನ್ನಂಪೇಟೆಯ ಸಾಹುಕಾರರು ಒಂದು ಕಾಸು ಹಾಕಿ ನಿಂತವರು ಕೋವಿ ಬಿಡಲೇ ಇಲ್ಲ, ಮಿಕ್ಕವರ ಸಾಲು ಬೈದುಕೊಂಡು ಚದುರಿತು. ಪದ್ಮಯ್ಯನವರು ತಮ್ಮ ಐವರನ್ನು ಕೇಳಿಕೊಂಡು ಓಡಿಬಂದರೆ ಹೊರಗೆ ನಿಂತ ನಮ್ಮವರು, “ಚಾ ಕುಡಿದು ಮುಗಿಸ್ಲಿ ಸ್ವಾಮಿ, ಅರ್ಧದಲ್ಲಿ ಎಬ್ಬಿಸ್ಬಾರ್ದು” ಎಂದು ಬಹಳ ಮರ್ಯಾದೆಯಿಂದ ಬಾಗಿಲಿಗೆ ಅಡ್ಡ ನಿಂತರು. ಚಾ ಆರಿ ಕೆನೆ ಕಟ್ಟಿತು, ಅವರು ಕುಡಿದು ಮುಗಿಸಲಿಲ್ಲ. ಪದ್ಮಯ್ಯನವರು ಪೊಲೀಸು ಎಂದರು. ಮಾಲು ಯಾರ ಹೋಟೆಲಿನಲ್ಲಿದೆಯೋ ಅವರೇ ಹೊಣೆ ಎಂದರು. ಗಂಗಣ್ಣನ ಮುಖ ಅವನದೇ ದೋಸೆಯ ಹಾಗೆ ಬೆಳ್ಳಗಾಯಿತು.

“ಮಾದಾ, ಒಳಗ್ ಬಾರೋ. ಇವು ಬೀಳ್ದಂಗೆ ಹಿಡ್ಕಂಡು ಇಲ್ಲೇ ಕೂತ್ಕೊ, ನಿನ್ನ ದಮ್ಮಯ್ಯ!”

ನಾವೆಲ್ಲ ಅವನ ಬೆನ್ನಿಗೆ ಕೈ ಹಾಕಿ ಒಳಗೆ ನೂಕಲು ನೋಡಿದೆವು. ಬೆಂಚು ತಾನಾಗಿ ಕರೆಯುತ್ತಿತ್ತು. ಮಾದಣ್ಣ ಕದಲಲಿಲ್ಲ.

“ಹಿಡ್ಕೊಳ್ಳಾಕೆ ಕೂತ್ಕೊ ಅಂದ್ರೆ ಬರಾಕಿಲ್ಲ ಗಂಗಣ್ಣ. ಅದು ಕೆಲಸ. ಚಾ ಕುಡಿಯಾಕೆ ಕೂತ್ಕೊ ಅನ್ನು, ಬತ್ತೀನಿ.”

ಗಂಗಣ್ಣ ಗಿರಾಕಿಗಳ ಕಡೆ ನೋಡಿದ. ಗಿರಾಕಿಗಳು ಗೌಡರ ಕಡೆ ನೋಡಿದರು. ಗೌಡರು ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ನೋಡಿದರು, ಅಲ್ಲಿ ಅವರಿಗೆ ಸಹಾಯ ಮಾಡುವಂಥದ್ದು ಏನೂ ಇರಲಿಲ್ಲ. ತರಲು ಯಾರ ಅಭಿಪ್ರಾಯವೂ ಸಿಗದೆ ಗಂಗಣ್ಣ ಜನ್ಮದಲ್ಲಿ ಮೊದಲ ಸಲ ತನ್ನದನ್ನೇ ಹೇಳಬೇಕಾಯಿತು. “ಚಾ ಕುಡಿಯಾಕೇ ಕೂತ್ಕೊ ಮಾರಾಯ” ಎಂದ. ಆಮೇಲೆ ಬಾಗಿಲಲ್ಲಿ ನಿಂತ ನಮ್ಮನ್ನೂ ನೋಡಿ, “ನೀವೂ ಬರ್ರಿ ಅತ್ಲಾಗೆ, ಗಾಳಿಗೆ ಅಡ್ಡ ನಿಂತಿದ್ದೀರಿ” ಎಂದ.

ಮಾದಣ್ಣ ಕೂತು, ನಿಧಾನವಾಗಿ ಚಾ ಕುಡಿದು, ಲೋಟವನ್ನು ತೊಳೆಯದೆ ಬಿಟ್ಟು ಎದ್ದ. ಆಮೇಲೆ ನಾವು.

ಈಗ ನಮ್ಮ ಕೋರಿಕೆಗಳು. ಒಂದು, ಮೂರನೆಯ ಭಾಗ ಮಾಡುವುದಾದರೆ ಮೊದಲೆರಡನ್ನು ಮರಿಯೆಂದು ಜರೆಯದೆ ಮಾಡಬೇಕು. ಮರಿ ಹೊಡೆದವರೂ ಮನುಷ್ಯರೇ. ಇನ್ನೊಂದು, ಆ ಭಾಗದಲ್ಲಿ ಕೋವಿ ಅಟ್ಟುವವರ ಕೈಯಲ್ಲಿದ್ದು ತಾವು ಅಟ್ಟಣೆಯ ಮೇಲಿರಬೇಕು, ತಮಟೆಯನ್ನು ಆಡಲು ಬಂದ ಪ್ಲಾಂಟರೇ ಬಡಿಯಬೇಕು. ಗರ್ಜನೆ ಮಾತ್ರ ಹೀಗೆಯೇ ಇರಲಿ, ಅದು ನನಗೆ ಬಹಳ ಹಿಡಿಸಿದೆ. ಇದು ಸಾಧ್ಯವಿಲ್ಲವೆಂದರೆ, ತಾವೇ ಒಂದು ದಿನ ಗಾಜು ಒಡೆದುಕೊಂಡು ಲೈನಿಗೆ ಬನ್ನಿ. ಹೊಡೆಯುವುದಿಲ್ಲ. ಮದುವೆಯಂತೂ ಆಗಿಯೇ ಇದೆ, ಮನೆಯವರೆಂದೇ ನಡೆಸಿಕೊಳ್ಳುತ್ತೇವೆ.

ಗುರಿ ತಪ್ಪಿಯೂ ತಮ್ಮನ್ನು ಮೆಚ್ಚಿದ,
ತಮ್ಮ ವಿಶ್ವಾಸಿ,
ಮಾಯಿಲಪ್ಪ
(ಎಸ್ಟೇಟ್ ಲೈನಿನ ಪರವಾಗಿ)

ತಾ.ಕ.: ತಮ್ಮ ಅಟ್ಟುವವರಲ್ಲಿ ನಾಲ್ವರನ್ನು ಈ ಪತ್ರದೊಂದಿಗೆ ಕಳಿಸಿದ್ದೇವೆ. ಮೊದಲು ಬಿದ್ದವನನ್ನು ಚೌಡಜ್ಜ ಕೊಡಲೊಲ್ಲ. ಭುಜ ನೆಗ್ಗಿದೆ, ವಾಸಿಯಾಗುವವರೆಗೆ ಕೆಲಸಕ್ಕೆ ಕಳಿಸುವುದಿಲ್ಲ ಎನ್ನುತ್ತಾನೆ. ಆ ತೂತು ಖಾಲಿ ಉಳಿಯಿತೆಂದು ಕಂಪನಿಯವರು ಚಿಂತಿಸುವುದು ಬೇಡ. ಅಟ್ಟಣೆಯ ಮೇಲಿನ ದೊರೆಯನ್ನು ಇಳಿಸಿ ಅಲ್ಲಿ ಸಿಕ್ಕಿಸಬಹುದು. ಅಳತೆ ಸರಿಹೋಗುತ್ತದೆ, ನೋಡಿದ್ದೇವೆ.